ಸೋಲಾರ್ ನೀರು ತಣ್ಣಗಿದೆಯೇ? ಮೊದಲು ತಾರಸಿ ಹತ್ತಿ ಅಳೆಯಿರಿ

ಚಳಿಗಾಲದ ಬೆಳಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದಾಗ ತಣ್ಣೀರು ಬಂದರೆ ಸೋಲಾರ್ ಹೀಟರನ್ನು ದೂರುವುದು ಸಹಜ. ಆದರೆ ‘ನೀರು ಬಿಸಿಯಿಲ್ಲ’ ಎಂಬ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಹಗಲು ನೀರು ಕಾದೇ ಇಲ್ಲದಿರಬಹುದು. ಕಾದ ನೀರು ರಾತ್ರಿ ಆರಿಹೋಗಿರಬಹುದು. ಇಲ್ಲವೇ ಟ್ಯಾಂಕಿನಲ್ಲಿ ಇನ್ನೂ ಸುಡುತ್ತಿರುವ ನೀರು ಬಚ್ಚಲಿಗೆ ಬರುವ ದಾರಿಯಲ್ಲಿ ತಣ್ಣಗಾಗಿರಬಹುದು. ಮೂರಕ್ಕೂ ಮದ್ದು ಬೇರೆ. ಯಾವುದೆಂದು ತಿಳಿಯದೆ ಟ್ಯೂಬ್ ಬದಲಾಯಿಸುವುದು, ಹೊಸ ಸಿಸ್ಟಮ್ ಕೊಳ್ಳುವುದು ಎಲ್ಲ ದುಡ್ಡು ದಂಡ.

ಪತ್ತೆಗೆ ಎರಡು ವಸ್ತು ಸಾಕು. ಒಂದು, 100 ಡಿಗ್ರಿಯವರೆಗೆ ತೋರಿಸುವ ಥರ್ಮಾಮೀಟರ್; ಜ್ವರ ನೋಡುವುದಲ್ಲ, ಅಡುಗೆಗೋ ಲ್ಯಾಬಿಗೋ ಬಳಸುವಂಥದ್ದು. ಇನ್ನೊಂದು, ತಾರಸಿಯಲ್ಲೇ ಬಿಸಿನೀರು ಹೊರಡುವ ಪೈಪಿಗೆ, ಟ್ಯಾಂಕಿನಿಂದ ಒಂದೆರಡು ಅಡಿಯೊಳಗೆ ಕೂರಿಸಿದ ಅರ್ಧ ಇಂಚಿನ ನಲ್ಲಿ. ಸೋಲಾರ್ ಹಾಕುವಾಗಲೇ ಈ ನಲ್ಲಿಯನ್ನು ಕೇಳಿ ಹಾಕಿಸಿಕೊಳ್ಳಬೇಕು. ಪೈಪಿಗೆ ಕವಲು ಕೊಡುವ ಒಂದು ಟೀ, ಒಂದು ನಲ್ಲಿ, ಅಷ್ಟೇ ಖರ್ಚು. ಮುಂದಿನ ಹದಿನೈದು ವರ್ಷದ ಪ್ರತಿ ರಿಪೇರಿಯಲ್ಲೂ ಅದು ಉಪಯೋಗಕ್ಕೆ ಬರುತ್ತದೆ.

ಬಿಸಿಲು ಚೆನ್ನಾಗಿದ್ದ ದಿನ, ಬೆಳಗ್ಗೆ 8ರ ನಂತರ ಯಾರೂ ಬಿಸಿನೀರು ಬಳಸದೆ, ಬ್ಯಾಕಪ್ (ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್) ಸ್ವಿಚ್ ಆರಿಸಿಟ್ಟು, ಸಂಜೆ 5ಕ್ಕೆ ಆ ನಲ್ಲಿಯಿಂದ ಎರಡು ಮೂರು ಲೀಟರ್ ಹೊರಬಿಟ್ಟು ಅಳೆಯಿರಿ. ಮರುದಿನ ಬೆಳಗ್ಗೆ 5ಕ್ಕೆ ಅದೇ ನಲ್ಲಿಯಲ್ಲಿ ಇನ್ನೊಮ್ಮೆ ಅಳೆದು, ಕೂಡಲೇ ಕೆಳಗಿಳಿದು ಬಚ್ಚಲಿನಲ್ಲಿ, ನೀರು ಬಿಸಿ ಬರತೊಡಗಿದ ಮೇಲೆ ಮೂರನೆಯ ಸಲ. ಆರೋಗ್ಯವಾಗಿರುವ ಸಿಸ್ಟಮ್ ಸಂಜೆ 55ರಿಂದ 65 ಡಿಗ್ರಿ ತೋರಿಸುತ್ತದೆ. ರಾತ್ರಿಯಲ್ಲಿ 5ರಿಂದ 8 ಡಿಗ್ರಿ ಇಳಿಯುತ್ತದೆ. ತಾರಸಿಗೂ ಬಚ್ಚಲಿಗೂ ನಡುವೆ ಎರಡು ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಈ ಮೂರರಲ್ಲಿ ಎಲ್ಲಿ ಲೆಕ್ಕ ತಪ್ಪಿತೋ ಅಲ್ಲಿ ಹುಡುಕಬೇಕು.

ಪೈಪಿನಲ್ಲಿ ನಿಂತ ನೀರು

ಮೊದಲು ಪೈಪಿನ ಮಾತು. ದೂರುಗಳಲ್ಲಿ ದೊಡ್ಡ ಪಾಲು ಇಲ್ಲಿಯದೇ, ಆದರೆ ಕೊಳ್ಳುವಾಗ ಟ್ಯೂಬ್ ಎಣಿಸುವವರು ಪೈಪಿನ ಉದ್ದ ಎಣಿಸುವುದಿಲ್ಲ. ಬಿಸಿನೀರಿಗೆ ಬಳಸುವ ಸಿಪಿವಿಸಿ ಪ್ಲಾಸ್ಟಿಕ್ ಪೈಪಿನ ಒಂದು ಮೀಟರ್ ಉದ್ದದಲ್ಲಿ ಹಿಡಿಯುವ ನೀರು ಅರ್ಧ ಇಂಚಿಗೆ ಸುಮಾರು 0.12 ಲೀಟರ್, ಮುಕ್ಕಾಲು ಇಂಚಿಗೆ 0.25 ಲೀಟರ್, ಒಂದು ಇಂಚಿಗೆ 0.43 ಲೀಟರ್. ಎರಡು ಅಂತಸ್ತಿನ ಮನೆಯ ತಾರಸಿಯಿಂದ ನೆಲಮಹಡಿಯ ಬಚ್ಚಲಿಗೆ, ಸುತ್ತಿ ಬಳಸಿ, 25 ಮೀಟರ್ ಆಗುವುದು ಸಾಮಾನ್ಯ. ಮುಕ್ಕಾಲು ಇಂಚಿನ ಪೈಪಾದರೆ ಬಿಸಿನೀರು ಬರುವ ಮೊದಲು 6 ಲೀಟರಿಗೂ ಹೆಚ್ಚು ತಣ್ಣೀರು ಹೊರಬರಬೇಕು. ‘ಫೋರ್ಸ್ ಬರಲಿ’ ಎಂದು ಪೂರ್ತಿ ಒಂದು ಇಂಚು ಹಾಕಿಸಿದ್ದರೆ ಹತ್ತು ಲೀಟರ್ ದಾಟುತ್ತದೆ.

ಪೈಪಿಗೆ ಇನ್ಸುಲೇಷನ್ ಸುತ್ತಿಸಿದರೆ ಬೆಳಗ್ಗೆ ಮೊದಲ ಹನಿಯಿಂದಲೇ ಬಿಸಿ ಬರುತ್ತದೆ ಎಂದು ಹೇಳುವವರಿದ್ದಾರೆ. ಬರುವುದಿಲ್ಲ. ಬರಿಯ ಪೈಪಿನಲ್ಲಿ ನಿಂತ ಬಿಸಿನೀರು ಒಂದು ಗಂಟೆಯೊಳಗೆ ಬಹುಪಾಲು ಬಿಸಿ ಕಳೆದುಕೊಳ್ಳುತ್ತದೆ. 9ರಿಂದ 13 ಮಿ.ಮೀ. ದಪ್ಪದ ಕಪ್ಪು ನೈಟ್ರೈಲ್ ಫೋಮ್ ಸುತ್ತಿದರೆ ಅದು ಎರಡು ಮೂರು ಗಂಟೆ ಆಗುತ್ತದೆ. ಇಡೀ ರಾತ್ರಿ ನಿಂತ ನೀರನ್ನು ಯಾವ ಫೋಮೂ ಕಾಯುವುದಿಲ್ಲ. ಹಾಗಾದರೆ ಇನ್ಸುಲೇಷನ್ ಏಕೆ? ಮೊದಲನೆಯವರ ಸ್ನಾನ ಮುಗಿದು ಅರ್ಧ ಗಂಟೆಯ ನಂತರ ಎರಡನೆಯವರು ಹೋದಾಗ ಪೈಪಿನಲ್ಲಿರುವ ನೀರು ಇನ್ನೂ ಬಳಸುವಂತಿರಲಿ ಎಂದು. ಅದಕ್ಕಾಗಿ ಅದು ಖಂಡಿತ ಬೇಕು. ತಾರಸಿಯ ಮೇಲೆ ಗಾಳಿಗೆ ತೆರೆದ ಭಾಗಕ್ಕಂತೂ ಬೇಕೇ ಬೇಕು. ಫೋಮನ್ನು ಬಿಸಿಲಿಗೆ ಬರಿದೇ ಬಿಟ್ಟರೆ ಎರಡು ಮೂರು ವರ್ಷದಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ಮೇಲೆ ಅಲ್ಯೂಮಿನಿಯಂ ಹೊದಿಕೆಯನ್ನೋ ಹಳೆಯ ಪಿವಿಸಿ ಪೈಪನ್ನು ಸೀಳಿಯೋ ಮುಚ್ಚಬೇಕು.

ಬಕೆಟ್ ಸ್ನಾನದ ಮನೆಗಳಿಗೆ ಇಲ್ಲೊಂದು ಅನುಕೂಲವಿದೆ. 20 ಲೀಟರ್ ಬಕೆಟ್ಟಿನಲ್ಲಿ 40 ಡಿಗ್ರಿಯ ನೀರು ಬೇಕು, ಟ್ಯಾಂಕಿನ ನೀರು 60, ತಣ್ಣೀರು 22 ಡಿಗ್ರಿ ಎಂದುಕೊಳ್ಳಿ. ಬೇಕಾಗುವುದು ಸುಮಾರು ಒಂಬತ್ತೂವರೆ ಲೀಟರ್ ಬಿಸಿ, ಹತ್ತೂವರೆ ಲೀಟರ್ ತಣ್ಣೀರು. ಅಂದರೆ ಪೈಪಿನಲ್ಲಿ ನಿಂತಿದ್ದ ಆರು ಲೀಟರ್ ತಣ್ಣೀರನ್ನು ಚೆಲ್ಲಬೇಕಾಗಿಯೇ ಇಲ್ಲ, ಹೇಗೂ ಬೆರೆಸಬೇಕಾದ ತಣ್ಣೀರೇ ಅದು. ಬಿಸಿನೀರಿನ ನಲ್ಲಿಯನ್ನೇ ಮೊದಲು ಬಕೆಟ್ಟಿಗೆ ಬಿಡಿ, ಬಿಸಿ ಬಂದು ಬೇಕಾದಷ್ಟು ತುಂಬಿದ ಮೇಲೆ ತಣ್ಣೀರಿನ ನಲ್ಲಿಗೆ ಹೋಗಿ. ಶವರಿನ ಮನೆಯಲ್ಲಿ ಇದೇ ಆರು ಲೀಟರ್ ನೇರ ಮೋರಿಗೆ ಹೋಗುತ್ತದೆ.

ನಿಜವಾದ ನಷ್ಟವಾಗುವುದು ಸ್ನಾನ ಮುಗಿದ ಮೇಲೆ. ಆಗ ಪೈಪಿನ ತುಂಬ ಇರುವುದು ಬಿಸಿನೀರು. ನಾಲ್ವರು ಎರಡೆರಡು ಗಂಟೆಗೊಬ್ಬರಂತೆ ಮಿಂದರೆ ನಾಲ್ಕು ಸಲ ಆರಾರು ಲೀಟರ್ ಬಿಸಿ ಪೈಪಿನಲ್ಲೇ ಆರುತ್ತದೆ. 100 ಲೀಟರ್ ಟ್ಯಾಂಕಿನ ಕಾಲುಭಾಗ ಗೋಡೆ ಕಾಯಿಸಲು ಹೋಯಿತು. ಒಬ್ಬರ ಹಿಂದೊಬ್ಬರು ಸ್ನಾನ ಮಾಡಿದರೆ ಅದೇ ಟ್ಯಾಂಕ್ ಇನ್ನೊಬ್ಬರಿಗೂ ಸಾಲುತ್ತದೆ.

ಹೊಸ ಮನೆ ಕಟ್ಟುವವರಿಗೆ ಹೇಳುವುದಿಷ್ಟು: ಬಚ್ಚಲುಗಳು ಒಂದರ ಮೇಲೊಂದು ಬರುವಂತಿದ್ದರೆ ಸೋಲಾರ್ ಟ್ಯಾಂಕನ್ನು ಅದೇ ನೇರದ ತಾರಸಿಯಲ್ಲಿ ಇಡಿ. ತಾರಸಿಯಿಂದ ಇಳಿಯುವ ಮುಖ್ಯ ಪೈಪ್ ಒಂದು ಇಂಚು, ಪ್ರತಿ ಬಚ್ಚಲಿಗೆ ಕವಲು ಮುಕ್ಕಾಲು ಇಂಚು, ಕೊನೆಯ ಒಂದೆರಡು ಮೀಟರ್ ಅರ್ಧ ಇಂಚು. ಇಡೀ ದಾರಿ ಅರ್ಧ ಇಂಚು ಮಾಡಿದರೆ ನಿಂತ ನೀರು ಕಡಿಮೆಯಾಗುತ್ತದೆ, ಆದರೆ ಮೇಲಿನ ಮಹಡಿಯಲ್ಲಿ ಒತ್ತಡ ಸಾಲುವುದಿಲ್ಲ. 10 ಮೀಟರ್ ಎತ್ತರಕ್ಕೆ ಒಂದು ಬಾರ್ ಎಂಬ ಲೆಕ್ಕದಲ್ಲಿ, ನಲ್ಲಿಗಿಂತ 3 ಮೀಟರ್ ಮೇಲಿರುವ ಟ್ಯಾಂಕ್ ಕೊಡುವುದು ಬರೀ 0.3 ಬಾರ್.

ಪೈಪಿನ ಜಾತಿಯೂ ಮುಖ್ಯ. ಮಾಮೂಲಿ ಬಿಳಿ ಯುಪಿವಿಸಿ ಬಿಸಿನೀರಿಗೆ ಸಲ್ಲದು, ಮೆತ್ತಗಾಗಿ ಜೋತುಬೀಳುತ್ತದೆ. ಸಿಪಿವಿಸಿ ಮನೆಯೊಳಗೆ ಸರಿ. ಆದರೆ ಟ್ಯೂಬಿನ ಸೋಲಾರ್‌ನಲ್ಲಿ ಬೇಸಿಗೆಯಲ್ಲಿ ನೀರು ಬಳಸದೆ ಬಿಟ್ಟರೆ 90 ಡಿಗ್ರಿ ದಾಟುತ್ತದೆ, ಸಿಪಿವಿಸಿಯ ತಾಳಿಕೆಯ ಮಿತಿಯೂ ಅಲ್ಲಿಯೇ. ಹಾಗಾಗಿ ಟ್ಯಾಂಕಿನಿಂದ ಹೊರಟ ಮೊದಲ ಎರಡು ಮೂರು ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ತಾಮ್ರದ್ದಿರಲಿ, ಆಮೇಲೆ ಸಿಪಿವಿಸಿ. ಜೋಡಣೆಯಲ್ಲಿ ಸೋರುವುದೆಲ್ಲ ಬಹುತೇಕ ಈ ಮೊದಲ ಮೂರು ಮೀಟರಿನಲ್ಲೇ.

ರಾತ್ರಿ ಎಲ್ಲಿ ಹೋಯಿತು ಬಿಸಿ?

ಸಂಜೆ 60 ಡಿಗ್ರಿ ಇದ್ದ ಟ್ಯಾಂಕ್ ಬೆಳಗ್ಗೆ 40ಕ್ಕೆ ಇಳಿದಿದ್ದರೆ ‘ಇನ್ಸುಲೇಷನ್ ಹೋಗಿದೆ’ ಎನ್ನುತ್ತಾರೆ. 50 ಮಿ.ಮೀ. ಪಫ್ (ಬಿಸಿ ಕಾಯುವ ಗಟ್ಟಿ ಫೋಮ್) ಇರುವ ಟ್ಯಾಂಕಿನಲ್ಲಿ ಅದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಒಳಟ್ಯಾಂಕ್ ಸೋರಿ ಪಫ್ ನೆನೆದಿದ್ದರೆ ಮಾತ್ರ. ಹಾಗಾಗಿದ್ದರೆ ಹೊರಗಿನ ತಗಡಿನ ಅಡಿಯಿಂದ ಹನಿ ತೊಟ್ಟಿಕ್ಕುತ್ತದೆ, ತಗಡು ಕೈಗೆ ಬೆಚ್ಚಗೆ ತಾಗುತ್ತದೆ. ಅದಿಲ್ಲದಿದ್ದರೆ ಅಪರಾಧಿ ಬಚ್ಚಲಿನ ಮಿಕ್ಸರ್.

ಇದು ನಡೆಯುವ ಬಗೆ ಹೀಗೆ. ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಇದೆ, ಇಲ್ಲವೇ ಅದು ಇನ್ನೂ ಎತ್ತರದ ಟ್ಯಾಂಕಿನಿಂದ ಬರುತ್ತದೆ. ಬಿಸಿನೀರು ಮಾತ್ರ ತನ್ನ ಭಾರದಲ್ಲೇ ಇಳಿಯುತ್ತದೆ. ಮಿಕ್ಸರಿನಲ್ಲಿ ಎರಡೂ ಕೂಡುತ್ತವೆ. ಯಾರೋ ಕೈಶವರಿನ ತುದಿಯ ಗುಂಡಿ ಒತ್ತಿ ನೀರು ನಿಲ್ಲಿಸಿ, ಬಿಸಿ ಮತ್ತು ತಣ್ಣೀರಿನ ಎರಡೂ ಹಿಡಿಗಳನ್ನು ತೆರೆದೇ ಬಿಟ್ಟು ಹೋಗುತ್ತಾರೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಒಳಗೆ ಮಾತ್ರ ಒತ್ತಡದ ತಣ್ಣೀರು ಬಿಸಿನೀರಿನ ಪೈಪನ್ನು ಹಿಂದಕ್ಕೆ ತಳ್ಳುತ್ತ ಮೇಲೇರಿ ಸೋಲಾರ್ ಟ್ಯಾಂಕಿನ ತಲೆಗೆ ನುಗ್ಗುತ್ತದೆ. ಅಲ್ಲಿದ್ದ ಬಿಸಿನೀರು ಟ್ಯಾಂಕಿನ ನೆತ್ತಿಯಲ್ಲಿ ಬಾಯಿ ತೆರೆದು ನಿಂತ ಗಾಳಿ ಪೈಪಿನಿಂದ ಉಕ್ಕುತ್ತದೆ ಅಥವಾ ಒಳಹರಿವಿನ ಪೈಪಿನಲ್ಲಿ ಹಿಂದೆ ಸರಿದು ಓವರ್‌ಹೆಡ್ ಟ್ಯಾಂಕ್ ಸೇರುತ್ತದೆ. ಒಂದು ರಾತ್ರಿಯಲ್ಲಿ ಇಡೀ ಟ್ಯಾಂಕಿನ ಬಿಸಿನೀರು ಖಾಲಿ. ಒಳಗಿನ ವಾಶರ್ ಸವೆದ ಹಳೆಯ ಮಿಕ್ಸರಿನಲ್ಲಿ ಹಿಡಿ ಮುಚ್ಚಿದ್ದರೂ ಇದೇ ಕಥೆ, ಸ್ವಲ್ಪ ನಿಧಾನವಾಗಿ.

ಪರೀಕ್ಷೆ ಸುಲಭ. ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವನ್ನು ತಾರಸಿಯಲ್ಲಿ ಮುಚ್ಚಿ. ಕೆಳಗೆ ಬಂದು ಒಂದು ಬಚ್ಚಲಿನ ಬಿಸಿನೀರಿನ ನಲ್ಲಿಯನ್ನಷ್ಟೇ ತೆರೆಯಿರಿ. ಬಿಸಿನೀರು ಟ್ಯಾಂಕಿನ ಮೇಲ್ತುದಿಯಿಂದ ಹೊರಡುವುದರಿಂದ, ಕೆಳಗಿನಿಂದ ತಣ್ಣೀರು ತಳ್ಳದಿದ್ದರೆ ಸ್ವಲ್ಪ ಹೊತ್ತಿನಲ್ಲೇ ನಲ್ಲಿ ಬತ್ತಬೇಕು. ಬತ್ತದೆ ತಣ್ಣೀರು ಹರಿಯುತ್ತಲೇ ಇದ್ದರೆ ಮನೆಯಲ್ಲೆಲ್ಲೋ ಎರಡೂ ಲೈನುಗಳು ಕೂಡಿಕೊಂಡಿವೆ. ಒಂದೊಂದೇ ಬಚ್ಚಲಿನ ತಣ್ಣೀರಿನ ವಾಲ್ವ್ ಮುಚ್ಚುತ್ತ ಹೋಗಿ, ಎಲ್ಲಿ ಹರಿವು ನಿಂತಿತೋ ಅಲ್ಲಿದೆ ದೋಷ. (ಓವರ್‌ಹೆಡ್ ಟ್ಯಾಂಕ್ ಖಾಲಿಯಾದರೆ ಸೋಲಾರ್ ತುಂಬ ನೀರಿದ್ದೂ ಬಿಸಿನೀರು ಬರದಿರುವುದು ಇದೇ ಕಾರಣಕ್ಕೆ.)

ಮದ್ದು: ಮಿಕ್ಸರ್ ಇರುವ ಪ್ರತಿ ಬಚ್ಚಲಿನ ಬಿಸಿನೀರಿನ ಕವಲಿಗೆ, ನೀರನ್ನು ಒಂದೇ ದಿಕ್ಕಿಗೆ ಬಿಡುವ ಒಂದು ನಾನ್ ರಿಟರ್ನ್ ವಾಲ್ವ್. ಸ್ಪ್ರಿಂಗ್ ಇರುವುದನ್ನು ಹಾಕಬೇಡಿ, ಇರುವ 0.3 ಬಾರಿನಲ್ಲಿ ಒಂದು ಪಾಲನ್ನು ಆ ಸ್ಪ್ರಿಂಗೇ ತಿನ್ನುತ್ತದೆ. ಒಳಗೆ ಬಾಗಿಲಿನಂತೆ ತೂಗುವ ಹಲಗೆಯ ಹಿತ್ತಾಳೆ ವಾಲ್ವನ್ನು, ಬಾಣದ ಗುರುತು ನೋಡಿ, ಪೈಪಿನ ಅಡ್ಡಭಾಗದಲ್ಲಿ ಮಟ್ಟಸವಾಗಿ ಕೂರಿಸಬೇಕು. ಎರಡೂ ಲೈನುಗಳನ್ನು ಒಂದೇ ಓವರ್‌ಹೆಡ್ ಟ್ಯಾಂಕಿನಿಂದ ಪಂಪಿಲ್ಲದೆ ಇಳಿಸಿದರೆ ತಂಟೆಯೇ ಇಲ್ಲ.

ಫ್ಲಾಟ್ ಪ್ಲೇಟ್, ಅಂದರೆ ಟ್ಯೂಬಿನ ಬದಲು ಚಪ್ಪಟೆ ಫಲಕವಿರುವ ಸೋಲಾರ್‌ನಲ್ಲಿ ರಾತ್ರಿಯ ನಷ್ಟಕ್ಕೆ ಇನ್ನೊಂದು ದಾರಿಯಿದೆ. ಹಗಲು ಫಲಕದಲ್ಲಿ ಕಾದು ಹಗುರಾದ ನೀರು ಮೇಲೇರುತ್ತದೆ, ಟ್ಯಾಂಕಿನ ತಣ್ಣೀರು ಕೆಳಗಿಳಿಯುತ್ತದೆ. ಟ್ಯಾಂಕಿನ ತಳ ಫಲಕದ ಮೇಲ್ತುದಿಗಿಂತ ಕನಿಷ್ಠ ಒಂದು ಅಡಿ ಮೇಲಿರದಿದ್ದರೆ ರಾತ್ರಿ ಇದು ಉಲ್ಟಾ ತಿರುಗುತ್ತದೆ: ಟ್ಯಾಂಕಿನ ಬಿಸಿನೀರು ಫಲಕಕ್ಕೆ ಬಂದು ಬಯಲಿಗೆ ಬಿಸಿ ಬಿಟ್ಟು ಹಿಂದಿರುಗುತ್ತದೆ. ಸ್ಟ್ಯಾಂಡಿನ ಕಾಲು ಕುಸಿದಿದ್ದರೆ, ಜಾಗ ಸಾಲದೆಂದು ಟ್ಯಾಂಕನ್ನು ತಗ್ಗಿಸಿ ಕೂರಿಸಿದ್ದರೆ ಮೊದಲು ನೋಡಬೇಕಾದದ್ದು ಇದನ್ನು.

ಗಾಳಿ ಪೈಪು

ಟ್ಯಾಂಕಿನ ನೆತ್ತಿಯಿಂದ ಬರಿದೇ ಮೇಲಕ್ಕೆ ನಿಂತ ಪೈಪನ್ನು ನೋಡಿ ‘ಇದೇಕೆ, ನೀರು ತೊಟ್ಟಿಕ್ಕುತ್ತದೆ’ ಎಂದು ಎಂಡ್ ಕ್ಯಾಪ್ ಹಾಕಿ ಮುಚ್ಚಿದ ಮನೆಗಳಿವೆ. ದಯವಿಟ್ಟು ಮುಚ್ಚಬೇಡಿ, ಅದಕ್ಕೆ ವಾಲ್ವನ್ನೂ ಹಾಕಬೇಡಿ. ಕಾದ ನೀರು ಹಿಗ್ಗುತ್ತದೆ: 100 ಲೀಟರ್ ನೀರು 25ರಿಂದ 65 ಡಿಗ್ರಿಗೆ ಏರಿದಾಗ ಒಂದೂಮುಕ್ಕಾಲು ಲೀಟರಿನಷ್ಟು ಹೆಚ್ಚುತ್ತದೆ. ಒಳಹರಿವಿನಲ್ಲಿ ನಾನ್ ರಿಟರ್ನ್ ವಾಲ್ವ್ ಇದ್ದರೆ ಆ ಹೆಚ್ಚುವರಿ ನೀರಿಗೆ ಈ ಪೈಪಲ್ಲದೆ ಬೇರೆ ದಾರಿಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದೆರಡು ಲೀಟರ್ ತೊಟ್ಟಿಕ್ಕಿದರೆ ಅದು ಸೋರಿಕೆಯಲ್ಲ. ಪೈಪಿನ ಬಾಯನ್ನು ಓವರ್‌ಹೆಡ್ ಟ್ಯಾಂಕಿನ ಮುಚ್ಚಳದ ಕಡೆ ಬಗ್ಗಿಸಿದರೆ ಆ ನೀರೂ ಉಳಿಯುತ್ತದೆ. ಓವರ್‌ಹೆಡ್ ಟ್ಯಾಂಕ್ ಖಾಲಿಯಾಗಿ ಕೆಳಗೆ ಯಾರೋ ನಲ್ಲಿ ತೆರೆದಾಗ ಟ್ಯಾಂಕಿಗೆ ಗಾಳಿ ಒಳಬರುವುದೂ ಇದರಿಂದಲೇ. ಬಾಯಿ ಮುಚ್ಚಿದ್ದರೆ ಟ್ಯಾಂಕ್ ನಿರ್ವಾತಕ್ಕೆ ಸಿಕ್ಕಿ ಒಳಕ್ಕೆ ಮುದುಡಿಕೊಳ್ಳುತ್ತದೆ. ಆಮೇಲೆ ಅದು ಗುಜರಿಗೇ.

ಪೈಪಿನ ತುದಿ ಓವರ್‌ಹೆಡ್ ಟ್ಯಾಂಕಿನ ಪೂರ್ಣಮಟ್ಟಕ್ಕಿಂತ ಕನಿಷ್ಠ ಒಂದೂವರೆ ಅಡಿ ಎತ್ತರದಲ್ಲಿರಲಿ. ಹಾಗೆಯೇ ಓವರ್‌ಹೆಡ್ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ಸಿಂಟೆಕ್ಸ್ ಟ್ಯಾಂಕನ್ನು ನೆಲದ ಮೇಲೇ ಕೂರಿಸಿ ಪಕ್ಕದಲ್ಲಿ ಸೋಲಾರ್ ಇಟ್ಟರೆ, ನೀರು ಅರ್ಧಕ್ಕಿಳಿದ ಕೂಡಲೇ ಬಿಸಿನೀರು ನಿಲ್ಲುತ್ತದೆ. ಸೋಲಾರ್‌ಗೆ ಹೋಗುವ ತಣ್ಣೀರಿನ ಪೈಪು ಓವರ್‌ಹೆಡ್ ಟ್ಯಾಂಕಿನಿಂದ ನೇರ ಬರಲಿ, ದಾರಿಯಲ್ಲಿ ಬೇರೆ ಕವಲು ಬೇಡ. ಕವಲಿದ್ದರೆ ಬಿಸಿನೀರು ಹಿಮ್ಮೊಗವಾಗಿ ಹರಿದು ಕಮೋಡಿನ ಫ್ಲಶ್ ಟ್ಯಾಂಕಿನಲ್ಲಿ ಸಿಗುತ್ತದೆ.

ಪೈಪು ಪ್ಯಾರಾಪೆಟ್ ಗೋಡೆಯನ್ನು ಹತ್ತಿ ಇಳಿದರೆ ಆ ಏಣಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಅಷ್ಟು ಕಡಿಮೆ ಒತ್ತಡದ ನೀರು ಅದನ್ನು ತಳ್ಳಲಾರದು. ಗೋಡೆಯ ಬುಡದಲ್ಲೇ ತೂತು ಕೊರೆದು ದಾಟಿಸುವುದು ಸರಿಯಾದ ಕ್ರಮ. ತಾತ್ಕಾಲಿಕವಾಗಿ ಏರ್ ಲಾಕ್ ಬಿಡಿಸಲು, ಒತ್ತಡದ ತಣ್ಣೀರು ಇದ್ದು ಬಿಸಿನೀರಿನ ಕವಲಿಗೆ ನಾನ್ ರಿಟರ್ನ್ ವಾಲ್ವ್ ಇಲ್ಲದ ಮನೆಯಲ್ಲಿ ಮಿಕ್ಸರಿನ ಎರಡೂ ಹಿಡಿ ತೆರೆದು ಬಾಯನ್ನು ಅಂಗೈಯಿಂದ ಅರ್ಧ ನಿಮಿಷ ಮುಚ್ಚಿ ಹಿಡಿಯಿರಿ. ತಣ್ಣೀರು ಹಿಂದಕ್ಕೆ ಹೋಗಿ ಗಾಳಿಯನ್ನು ದಬ್ಬುತ್ತದೆ.

ಇಡೀ ಮನೆಗೆ ಪ್ರೆಶರ್ ಪಂಪ್ ಬೇಕೆನ್ನುವವರು ಮೊದಲೇ ಒತ್ತಡ ತಾಳುವ ಟ್ಯಾಂಕ್ ಕೊಳ್ಳಬೇಕು. ಅದರಲ್ಲಿ ಗಾಳಿ ಪೈಪಿನ ಬದಲು ಪ್ರೆಶರ್ ರಿಲೀಫ್ ವಾಲ್ವ್ ಮತ್ತು ವ್ಯಾಕ್ಯೂಮ್ ಬ್ರೇಕರ್ ಇರುತ್ತದೆ. ಗಾಜಿನ ಟ್ಯೂಬುಗಳು ರಬ್ಬರ್ ರಿಂಗಿನ ಮೂಲಕ ನೇರ ಟ್ಯಾಂಕಿಗೆ ಸಿಕ್ಕಿಸಿರುವ ಮಾಮೂಲಿ ಸೋಲಾರ್‌ಗೆ ಪಂಪ್ ಜೋಡಿಸಿದರೆ ರಿಂಗುಗಳು ಒಂದೊಂದಾಗಿ ಸೋರಲು ಶುರು.

ಹಗಲಲ್ಲೇ ಕಾಯದಿದ್ದರೆ

ಈಗ ಸಂಜೆಯ ಅಳತೆಯೇ ಕಡಿಮೆ ಬಂದವರ ವಿಚಾರ. ಲೆಕ್ಕ ಮೊದಲು. 100 ಲೀಟರ್ ನೀರನ್ನು 22ರಿಂದ 60 ಡಿಗ್ರಿಗೆ ತರಲು ಸುಮಾರು 4.4 ಯೂನಿಟ್ ಶಾಖ ಬೇಕು. 2 ಕಿಲೋವಾಟ್ ಗೀಸರ್ ಎರಡು ಗಂಟೆಗೂ ಹೆಚ್ಚು ಉರಿಯಬೇಕು. ದಿನವೂ ಹೀಗಾದರೆ ತಿಂಗಳಿಗೆ 130 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯಲ್ಲಿ ಇರಬೇಕೆನ್ನುವ ಮನೆಗೆ ಇದು ಸಣ್ಣ ಸಂಖ್ಯೆಯಲ್ಲ. ಬೆಂಗಳೂರಿನ ಸಾಧಾರಣ ಬಿಸಿಲು ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಸುಮಾರು, ಅದರಲ್ಲಿ ಅರ್ಧದಷ್ಟು ನೀರಿಗೆ ಸೇರುತ್ತದೆ. ಹಾಗಾಗಿಯೇ 100 ಲೀಟರಿಗೆ 2 ಚದರ ಮೀಟರಿನ ಒಂದು ಫ್ಲಾಟ್ ಪ್ಲೇಟ್ ಫಲಕ, ಅಥವಾ 58 ಮಿ.ಮೀ. ದಪ್ಪ 1800 ಮಿ.ಮೀ. ಉದ್ದದ 10 ಟ್ಯೂಬ್. ಕಡಿಮೆ ಬೆಲೆಗೆ ಕೊಟ್ಟ ‘150 ಲೀಟರ್’ ಸಿಸ್ಟಮಿನಲ್ಲಿ 10 ಟ್ಯೂಬ್ ಇದ್ದರೆ ಅದು 150 ಲೀಟರ್ ನೀರನ್ನು ಬೆಚ್ಚಗೆ ಮಾಡೀತು, ಬಿಸಿ ಮಾಡದು. ಒಂದು ಟ್ಯೂಬಿನೊಳಗೇ ಸುಮಾರು 3 ಲೀಟರ್ ನೀರಿರುತ್ತದೆ. ಕೆಲವರು ಅದನ್ನೂ ಸೇರಿಸಿ ಟ್ಯಾಂಕಿನ ಅಳತೆ ಹೇಳುತ್ತಾರೆ, ಕೇಳಿ ಖಾತ್ರಿ ಮಾಡಿಕೊಳ್ಳಿ. ವಿದ್ಯುತ್ ಸಂಪರ್ಕಕ್ಕೆ ಸೋಲಾರ್ ಕಡ್ಡಾಯ ಎಂಬ ನಿಯಮವನ್ನು ತೀರಿಸಲು ಅತಿ ಅಗ್ಗದ್ದನ್ನು ತಂದು ನಿಲ್ಲಿಸುವುದು ಬೆಂಗಳೂರಿನ ಹೊಸ ಮನೆಗಳಲ್ಲಿ ಕಾಣುವ ತಪ್ಪು. ಕಡ್ಡಾಯಕ್ಕಾಗಿ ಖರ್ಚು ಮಾಡುವುದಾದರೂ ಸ್ನಾನಕ್ಕೆ ಒದಗುವಂತೆ ಮಾಡಬೇಕು.

ನೆರಳನ್ನು ಡಿಸೆಂಬರಿನಲ್ಲಿ ನೋಡಬೇಕು. ಏಪ್ರಿಲ್ ಕೊನೆಯ ವಾರದ ಶೂನ್ಯ ನೆರಳಿನ ದಿನದಿಂದ ಆಗಸ್ಟ್ ಮೂರನೆಯ ವಾರದವರೆಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ದಕ್ಷಿಣದ ಗೋಡೆಯ ನೆರಳು ಆಗ ಕಾಣುವುದೇ ಇಲ್ಲ. ಡಿಸೆಂಬರ್ 21ರ ಮಧ್ಯಾಹ್ನ ಅವನ ಎತ್ತರ ಬರೀ 53 ಡಿಗ್ರಿ ಚಿಲ್ಲರೆ, ಬೆಳಗ್ಗೆ 9ರ ಹೊತ್ತಿಗೆ 30ಕ್ಕೂ ಚೂರು ಕಡಿಮೆ. ತಾರಸಿಯ ಮೇಲಿನ 3 ಮೀಟರ್ ಎತ್ತರದ ಮೆಟ್ಟಿಲುಕೋಣೆಯ ನೆರಳು ಮಧ್ಯಾಹ್ನ ಉತ್ತರಕ್ಕೆ 2.2 ಮೀಟರ್, ಬೆಳಗ್ಗೆ 9ಕ್ಕೆ ವಾಯವ್ಯಕ್ಕೆ ಸುಮಾರು 5.3 ಮೀಟರ್ ಚಾಚುತ್ತದೆ. ಬೇಸಿಗೆಯಲ್ಲಿ ಜಾಗ ನೋಡಿ ಹಾಕಿಸಿದ ಸೋಲಾರ್ ಚಳಿಗಾಲದಲ್ಲಿ, ಬಿಸಿನೀರು ನಿಜಕ್ಕೂ ಬೇಕಾದಾಗ, ಕೈಕೊಡುವುದು ಹೀಗೆ. ಮುಖ ದಕ್ಷಿಣಕ್ಕಿರಲಿ. ಓರೆ ಊರಿನ ಅಕ್ಷಾಂಶಕ್ಕೆ 10ರಿಂದ 15 ಡಿಗ್ರಿ ಕೂಡಿಸಿದಷ್ಟು: ಬೆಂಗಳೂರಿಗೆ 25ರ ಆಸುಪಾಸು, ಕಲಬುರಗಿಗೆ 30ರ ಆಸುಪಾಸು. ಹತ್ತು ಡಿಗ್ರಿ ಆಚೀಚೆ ಆದರೆ ಚಿಂತೆಯಿಲ್ಲ, ನೆರಳು ಬಿದ್ದರೆ ಚಿಂತಿಸಬೇಕು.

ಜಾಗ ಸರಿಯಿದ್ದು, ಮೊದಲು ಚೆನ್ನಾಗಿ ಕಾಯುತ್ತಿದ್ದದ್ದು ವರ್ಷ ಕಳೆದಂತೆ ಕುಗ್ಗಿದರೆ ಸುಣ್ಣ ಕಟ್ಟಿದೆ ಎಂದರ್ಥ. ಗಡಸು ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ, 60 ಡಿಗ್ರಿ ದಾಟಿದ ಮೇಲೆ ಬಲು ಬೇಗ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿ.ಗ್ರಾಂ, ಬೇರೆ ನೀರಿಲ್ಲದಿದ್ದರೆ 600ರವರೆಗೆ. 200ರೊಳಗಿನ ನೀರಿಗೆ ಯಾವ ಸೋಲಾರೂ ನಡೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಹೊರವಲಯದ ಆಳದ ಬೋರ್‌ವೆಲ್ ನೀರಿಗೆ ಮಾಮೂಲಿ ಫ್ಲಾಟ್ ಪ್ಲೇಟ್ ಬೇಡ: ಅರ್ಧ ಇಂಚಿನ ತಾಮ್ರದ ನಾಳಗಳು ಕಟ್ಟಿಕೊಳ್ಳುತ್ತವೆ. ಅಲ್ಲಿಗೆ ಟ್ಯೂಬಿನದು, ಇಲ್ಲವೇ, ಬಳಸುವ ನೀರು ಫಲಕದ ನಾಳಕ್ಕೆ ಹೋಗದೆ ಟ್ಯಾಂಕಿನಲ್ಲೇ ಬಿಸಿ ಪಡೆಯುವಂಥ ಹೀಟ್ ಎಕ್ಸ್‌ಚೇಂಜರ್ ಇರುವ ಫ್ಲಾಟ್ ಪ್ಲೇಟ್. ಕಾವೇರಿ ನೀರೂ ಬೋರ್‌ವೆಲ್ ನೀರೂ ಬೇರೆ ಬೇರೆ ಟ್ಯಾಂಕಿಗೆ ಬರುವ ಮನೆಯಲ್ಲಿ ಸೋಲಾರ್‌ಗೆ ಕಾವೇರಿಯನ್ನೇ ಕೊಡಿ. ಈ ಒಂದು ಬದಲಾವಣೆ ಮಿಕ್ಕೆಲ್ಲ ಉಪಚಾರಕ್ಕಿಂತ ದೊಡ್ಡದು.

ಕಟ್ಟಿದ ಫ್ಲಾಟ್ ಪ್ಲೇಟ್ ಫಲಕವನ್ನು ಮನೆಯಲ್ಲೇ ತೊಳೆಯಬಹುದು. ಬೆಳಗ್ಗೆ ಬೇಗ ಫಲಕಕ್ಕೆ ಟಾರ್ಪಾಲು ಹೊದಿಸಿ. ತಣ್ಣೀರಿನ ವಾಲ್ವ್ ಮುಚ್ಚಿ, ಟ್ಯಾಂಕನ್ನೂ ಫಲಕವನ್ನೂ ಡ್ರೈನ್ ಮಾಡಿ, ಫಲಕದ ಮೇಲಿನ ಕೆಳಗಿನ ಯೂನಿಯನ್‌ಗಳನ್ನು ಬಿಚ್ಚಿ. ಒಂದು ಫಲಕ ಹಿಡಿಯುವುದು ಮೂರೇ ಲೀಟರ್ ಸುಮಾರು. ಬಕೆಟ್ಟಿನಲ್ಲಿ 10 ಲೀಟರ್ ನೀರಿಗೆ 500 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು, ಕರಗಿಸಿ ಕೂಲರಿಗೆ ಬಳಸುವ ಸಣ್ಣ ಪಂಪಿನಿಂದ ಕೆಳಗಿನ ಬಾಯಿಯಿಂದ ತಳ್ಳಿ ಮೇಲಿನ ಬಾಯಿಯಿಂದ ಬಕೆಟ್ಟಿಗೇ ಬರುವಂತೆ ಮೂರು ನಾಲ್ಕು ಗಂಟೆ ತಿರುಗಿಸಿ. ನೊರೆ ಬರುತ್ತಿದ್ದರೆ ಸುಣ್ಣ ಕರಗುತ್ತಿದೆ. ನೊರೆ ನಿಂತರೆ ದ್ರಾವಣ ಬದಲಿಸಿ. ಹೊಸದರಲ್ಲೂ ನೊರೆ ಬರದಿದ್ದರೆ ಕೆಲಸ ಮುಗಿಯಿತು. ಪಂಪಿನ ನೀರು ದಾಟುತ್ತಲೇ ಇಲ್ಲದಿದ್ದರೆ ನಾಳ ಪೂರ್ತಿ ಮುಚ್ಚಿದೆ, ಅದಕ್ಕೆ ವರ್ಕ್‌ಶಾಪೇ ಗತಿ. ಬಚ್ಚಲು ತೊಳೆಯುವ ಆಸಿಡ್ಡನ್ನು ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿಗೆ ಎಂದೂ ಸುರಿಯಬೇಡಿ. ಅದರ ಕ್ಲೋರೈಡ್ ಬೆಸುಗೆಯ ಪಕ್ಕದಲ್ಲಿ ಸೂಜಿತೂತು ಕೊರೆಯುತ್ತದೆ. ಉಪ್ಪುಪ್ಪು ಬೋರ್‌ವೆಲ್ ನೀರೂ ನಿಧಾನವಾಗಿ ಮಾಡುವುದು ಅದನ್ನೇ. ಅಂಥ ನೀರಿಗೆ ಒಳಗೆ ಗಾಜಿನ ಲೇಪವಿರುವ ಉಕ್ಕಿನ ಟ್ಯಾಂಕ್ ವಾಸಿ. ಅದರೊಳಗಿನ ಮೆಗ್ನೀಸಿಯಂ ಕಡ್ಡಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಅರ್ಧಕ್ಕಿಂತ ಸವೆದಿದ್ದರೆ ಬದಲಿಸಿ. ಟ್ಯಾಂಕಿನ ಬದಲು ತಾನು ಕರಗುವುದೇ ಅದರ ಕೆಲಸ.

ಟ್ಯೂಬಿನ ಸೋಲಾರ್‌ನಲ್ಲಿ ಸುಣ್ಣ, ಮಣ್ಣು ಟ್ಯೂಬಿನ ತಳದಲ್ಲಿ ಕೂರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಬಾಟಲಿ ತೊಳೆಯುವ ಉದ್ದದ ಬ್ರಷ್ಷಿನಿಂದ ತೊಳೆಯಬೇಕು. ವಾಪಸ್ ಹಾಕುವಾಗ ರಿಂಗಿಗೆ ಸೋಪಿನ ನೀರು ಸವರಿ, ತಿರುಚುತ್ತ ಒಳತಳ್ಳಿ. ಎಣ್ಣೆ ಗ್ರೀಸ್ ಬೇಡ. ಟ್ಯೂಬಿನ ಕೆಳತುದಿಯ ಬೆಳ್ಳಿಬಣ್ಣ ಹಾಲುಬಿಳುಪಿಗೆ ತಿರುಗಿದ್ದರೆ ನಿರ್ವಾತ ಹೋಗಿದೆ, ಆ ಟ್ಯೂಬ್ ಬದಲಿಸಿ. ಬಿಸಿಲಿನಲ್ಲಿ ಒಳ್ಳೆಯ ಟ್ಯೂಬಿನ ಹೊರಗಾಜು ತಣ್ಣಗೇ ಇರುತ್ತದೆ, ಕೆಟ್ಟದ್ದು ಕೈಗೆ ಬಿಸಿ ತಾಗುತ್ತದೆ. ಇಡೀ ಕೆಲಸ ಸೂರ್ಯೋದಯಕ್ಕೆ ಮೊದಲು ಅಥವಾ ಸಂಜೆ ಆಗಬೇಕು. ಖಾಲಿ ಟ್ಯೂಬ್ ಬಿಸಿಲಿನಲ್ಲಿ 200 ಡಿಗ್ರಿ ಮುಟ್ಟುತ್ತದೆ, ಆಗ ನೀರು ತುಂಬಿಸಿದರೆ ಪಟಪಟನೆ ಒಡೆಯುತ್ತವೆ. ಮಧ್ಯಾಹ್ನ ನೀರು ಖಾಲಿಯಾಗಿದ್ದು ಗೊತ್ತಾದರೆ ಬಟ್ಟೆ ಹೊದಿಸಿ ಕತ್ತಲಾಗುವವರೆಗೆ ಕಾಯಿರಿ.

ಬ್ಯಾಕಪ್ ಮತ್ತು ಮೋಡದ ದಿನಗಳು

ಟ್ಯಾಂಕಿನೊಳಗಿನ ಕಾಯಿಲನ್ನು ಸಂಜೆ ಹಾಕಿ ರಾತ್ರಿಯಿಡೀ ಬಿಡುವುದು, ಅಥವಾ ವರ್ಷವಿಡೀ ಆನ್ ಇಡುವುದು ಎಂದರೆ ಕರೆಂಟಿನಿಂದ ಕಾಯಿಸಿ ಬಿಸಿಲಿಗೆ ಕೆಲಸವಿಲ್ಲದಂತೆ ಮಾಡುವುದು. ಮುಂಜಾನೆ 4ಕ್ಕೆ ಹತ್ತಿ 5.30ಕ್ಕೆ ಆರುವ ಟೈಮರ್ ಹಾಕಿ, ಥರ್ಮೋಸ್ಟ್ಯಾಟನ್ನು 45-50ಕ್ಕೆ ಇಳಿಸಿ. ಸರಿಯಾದ ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ತಕ್ಷಣ ಕಡಿದುಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದೆ ಆ ಕಾಯಿಲಿಗೆ ಕರೆಂಟ್ ಕೊಡಬೇಡಿ. ಒಂದೇ ಬಚ್ಚಲಿಗೆ ಬೇಕಾದಾಗ 100 ಲೀಟರ್ ಪೂರ್ತಿ ಕಾಯಿಸುವುದು ಅನ್ಯಾಯ. ಬಿಸಿನೀರು ಒಳಗೆ ಬರಬಹುದೆಂದು ಕೈಪಿಡಿಯಲ್ಲಿ ಒಪ್ಪಿರುವ ಸಣ್ಣ ಗೀಸರಿನ ಮೂಲಕ ಸೋಲಾರ್ ನೀರನ್ನು ಹಾಯಿಸುವುದು ಮೇಲು. ನೀರು ಆಗಲೇ ಬಿಸಿಯಿದ್ದರೆ ಅದರ ಥರ್ಮೋಸ್ಟ್ಯಾಟ್ ಹತ್ತುವುದೇ ಇಲ್ಲ.

ನೀರು ತುಂಬುವ ಹಬ್ಬದ ಮರುದಿನ ಮನೆಮಂದಿಯೆಲ್ಲ ಬೆಳಗಾಗುವ ಮೊದಲೇ ಎಣ್ಣೆಸ್ನಾನ ಮಾಡುತ್ತಾರೆ, ನೆಂಟರೂ ಬಂದಿರುತ್ತಾರೆ. ಹಿಂಗಾರಿನ ಮೋಡ ಕವಿದಿರುವುದೂ ಆಗಲೇ. ಆ ಒಂದು ದಿನಕ್ಕಾಗಿ 300 ಲೀಟರ್ ಸೋಲಾರ್ ಕೊಳ್ಳಬೇಡಿ. ದಿನದ ಲೆಕ್ಕ ತಲೆಗೆ 25 ಲೀಟರ್ ಬಿಸಿನೀರು, ನಾಲ್ವರಿಗೆ 100. ಹಬ್ಬಕ್ಕೆ ಬ್ಯಾಕಪ್ ಇದೆ.

ಆಗುಂಬೆ, ಶೃಂಗೇರಿ, ಮಡಿಕೇರಿಯ ಕಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಒಂದನ್ನೇ ನಂಬುವಂತಿಲ್ಲ. ಅಲ್ಲಿ ಬಚ್ಚಲ ಒಲೆ, ಹಂಡೆ ತೆಗೆಸದಿರುವುದೇ ವಿವೇಕ. ಸೋಲಾರ್ ನಲ್ಲಿಯನ್ನು ಹಂಡೆಯ ಮೇಲೆ ಬರುವಂತೆ ಕೂರಿಸಿ. ಮೋಡದ ದಿನವೂ ಚದುರಿದ ಬೆಳಕಿನಿಂದ ನೀರು ಹತ್ತು ಹನ್ನೆರಡು ಡಿಗ್ರಿ ಏರುತ್ತದೆ, ಅದರಲ್ಲೂ ಟ್ಯೂಬಿನದರಲ್ಲಿ. 22 ಡಿಗ್ರಿಯ ನೀರನ್ನು 45ಕ್ಕೆ ತರುವ ಬದಲು 34ರಿಂದ 45ಕ್ಕೆ ತಂದರೆ ಸಾಕಾದಾಗ ಸೌದೆ, ಅಡಿಕೆ ಸಿಪ್ಪೆ ಅರ್ಧಕ್ಕರ್ಧ ಉಳಿಯುತ್ತದೆ.

ಬೇಸಿಗೆ ರಜೆಗೆ ಮನೆ ಬೀಗ ಹಾಕಿ ಹೋಗುವಾಗ ಇದರ ಉಲ್ಟಾ ಸಮಸ್ಯೆ. ನಾಲ್ಕೈದು ದಿನ ಬಳಸದ ಟ್ಯೂಬಿನ ಸೋಲಾರ್ ಕುದಿಯುತ್ತದೆ, ಗಾಳಿ ಪೈಪಿನಿಂದ ಹಬೆ ಹೋಗುತ್ತದೆ, ಸುಣ್ಣ ಬೇಗ ಕಟ್ಟುತ್ತದೆ. ಹೊರಡುವ ಮುನ್ನ ಅರ್ಧಕ್ಕಿಂತ ಹೆಚ್ಚು ಟ್ಯೂಬುಗಳನ್ನು ದಪ್ಪ ಬಟ್ಟೆಯಿಂದ ಮುಚ್ಚಿ ಕಟ್ಟಿ. ತಣ್ಣೀರಿನ ವಾಲ್ವ್ ಮಾತ್ರ ತೆರೆದೇ ಇರಲಿ. ಬಂದ ಮೇಲೆ ಮೊದಲ ನಲ್ಲಿಯನ್ನು ನಿಧಾನವಾಗಿ, ಕೈ ದೂರವಿಟ್ಟು ತೆರೆಯಿರಿ. 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, 90ರದ್ದು ತಾಗಿದ ಕ್ಷಣದಲ್ಲೇ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ವಾರವಂತೂ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು.